ಮುದ್ದಮ್ಮನ ಟ್ಯೂಬಿನಲ್ಲಿ ಇಬ್ಬರು

ನನ್ನ ಮಗಳು ಶಶಿರೇಖಾಳನ್ನು ಮದ್ದೂರು ಕಡೆಯ ನಮ್ಮೂರು ಕೊಪ್ಪದಲ್ಲಿ ಎಲ್ಲರೂ ಡಾಕ್ಟ್ರಮ್ಮ ಎಂದೇ ಕರೆಯುತ್ತಾರೆ. ಕರೆದು ಮಂಡಿನೋವು ತೋರಿಸುತ್ತಾರೆ. ‘ನಾನು ಆ ಡಾಕ್ಟರಲ್ಲ ಕಣಜ್ಜಿ’ ಎಂದು ಅವಳು ಹೇಳಿದರೆ, ‘ಮತ್ತೆ ಇಷ್ಟು ವರ್ಸ ಅದೇನ್ ಓದ್ದೆ?’ ಎಂದು ಕೇಳುತ್ತಾರೆ.

ಆ ಪ್ರಶ್ನೆಯನ್ನು ನಾನೂ ಕೇಳುತ್ತಲೇ ಬಂದಿದ್ದೇನೆ. ಅವಳು ಶನಿವಾರ ಸಂಜೆ ಬೆಂಗಳೂರಿನಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತಾಗ, ನಾನು ಸೊಪ್ಪು ಬಿಡಿಸುತ್ತಾ ಕೇಳುತ್ತೇನೆ, ಅವಳು ಹೇಳುತ್ತಾಳೆ. ಮೈಸೂರಿನಲ್ಲಿ ಎಮ್ಮೆಸ್ಸಿ ಓದುವಾಗ ಕ್ಯಾನ್ಸರಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದಳು. ‘ಅವಕ್ಕೆ ಊಟ ಆಕ್ಬೇಕು ಅವ್ವ’ ಎಂದು ಹಬ್ಬಕ್ಕೂ ಬರುತ್ತಿರಲಿಲ್ಲ. ಹಸು ಕಟ್ಟಿದ ಮನೆಯವರು ಊರು ಬಿಟ್ಟು ಕದಲಲಾರರು, ಹಾಗೆಯೇ ಇದೂ ಎಂದುಕೊಂಡು ನಾನು ಒಬ್ಬಟ್ಟನ್ನು ಡಬ್ಬಿಗೆ ಹಾಕಿ ಕಳಿಸುತ್ತಿದ್ದೆ. ಆಮೇಲೆ ಹೈದರಾಬಾದಿಗೆ ಹೋದಳು. ಅಲ್ಲಿ ವರ್ಷಗಟ್ಟಲೆ ಒಂದೇ ಒಂದು ಜೀನಿನ ಹಿಂದೆ ಬಿದ್ದು, ಕೊನೆಗೆ ತಪ್ಪು ಅದರದ್ದಲ್ಲ ಎಂದು ಕಂಡುಕೊಂಡಳು. ನಾನು ಅಯ್ಯೋ ಅಂದರೆ, ‘ಅಲ್ಲ ಅಂತ ಗೊತ್ತಾಗೋದೂ ಗೊತ್ತಾಗೋದೇ ಅಲ್ವಾ ಅವ್ವ’ ಎಂದು ನಕ್ಕಳು. ಈಗ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಅವಳಿಗೆ ತನ್ನದೇ ಲ್ಯಾಬು ಇದೆ.

ಆ ಲ್ಯಾಬಿನ ಕೆಲಸ ನನಗೆ ಮೊದಲು ತಲೆಗೆ ಹತ್ತಲಿಲ್ಲ. ಕ್ಯಾನ್ಸರ್ ಓದಿದವಳು ಕ್ಯಾನ್ಸರ್ ಬಾರದವರನ್ನು ಹುಡುಕಿಕೊಂಡು ನಮ್ಮ ಜಿಲ್ಲೆಗೇ ಬಂದಿದ್ದಳು. ಮದ್ದೂರು, ಮಳವಳ್ಳಿ, ಮಂಡ್ಯದ ಹಳ್ಳಿಗಳಲ್ಲಿ ಎಪ್ಪತ್ತೈದು ದಾಟಿ ಗಟ್ಟಿಯಾಗಿ ಓಡಾಡುವ ಅಜ್ಜಿಯರು ಬೇಕು, ಅವರ ಎಂಜಲು ಬೇಕು ಎಂದಳು. ಎಂಜಲಿನಲ್ಲಿ ಮನುಷ್ಯರ ಜೀನುಗಳೆಲ್ಲ ಇರುತ್ತವಂತೆ. ಸೂಜಿ ಎಂದರೆ ಅಜ್ಜಿಯರು ಹಿತ್ತಲ ಬಾಗಿಲಿನಿಂದ ಓಡುತ್ತಾರೆ, ಹಾಗಾಗಿ ಉಗುಳು.

‘ಕಾಯಿಲೆ ಬಂದೋರ್ನ ಮಾತ್ರ ನೋಡಿದ್ರೆ ಸಾಲ್ದು ಅವ್ವ. ಅವರ ಜೀನಲ್ಲಿ ಏನೋ ಒಂದು ಬೇರೆ ತರ ಕಾಣ್ತದೆ. ಅದೇ ಕಾಯಿಲೆ ತಂತೋ, ಇಲ್ಲಾ ಈ ಸೀಮೆಯೋರಿಗೆಲ್ಲ ಸುಮ್ನೆ ಇರೋದೋ? ಬರ್ದೆ ಇರೋರ್ನ ನೋಡ್ದೆ ಎಂಗೆ ಏಳೋದು?’ ಎಂದಳು. ಜಗತ್ತಿನಲ್ಲಿ ಇದನ್ನು ಹೋಲಿಸಿ ನೋಡಲು ಕೂಡಿಟ್ಟಿರುವ ಮಾಹಿತಿ ಹೆಚ್ಚಿನದು ಯುರೋಪಿನ ಕಡೆಯವರದಂತೆ. ಅದರಲ್ಲಿ ನಮ್ಮ ಅಜ್ಜಿಯರು ಇಲ್ಲ.

ನಾನು ಈ ಊರಿನ ಅಂಗನವಾಡಿ ಟೀಚರಾಗಿದ್ದು ನಿವೃತ್ತಳಾದವಳು. ಯಾವ ಮನೆಯ ಬಾಗಿಲು ತಟ್ಟಿದರೂ ಒಳಗಿನವರು ಎಂದೋ ನನ್ನ ಕೈಯಲ್ಲಿ ಉಪ್ಪಿಟ್ಟು ತಿಂದಿರುತ್ತಾರೆ. ಹಾಗಾಗಿ ನಾನೂ ಜೊತೆಗೆ ಹೊರಟೆ.

ಹಾಗೆ ಉಪ್ಪಿಟ್ಟು ತಿಂದವರಲ್ಲಿ ಒಬ್ಬಳು ಶೋಭಿತಾ. ಮೂರು ವರ್ಷದವಳಿದ್ದಾಗ ಅವಳ ತಾಯಿ ಸ್ತನದ ಕ್ಯಾನ್ಸರಿನಿಂದ ಹೋಗಿದ್ದಳು. ಕೊಪ್ಪದ ಅಜ್ಜಿಮನೆಯಲ್ಲಿ ಬೆಳೆದಳು. ಅಂಗನವಾಡಿಯಲ್ಲಿ ಮಧ್ಯಾಹ್ನ ಮಲಗಿಸಿದರೆ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದಳು. ಅದನ್ನು ಬಿಡಿಸಿಕೊಳ್ಳಲು ಮನಸ್ಸಾಗದೆ ನಾನು ಕೂತಲ್ಲೇ ಕೂರುತ್ತಿದ್ದೆ. ಈಗ ಅವಳಿಗೇ ಮಗಳಿದ್ದಾಳೆ, ಗಗನ. ಗಂಡ ಚಲುವರಾಜು ಗೂಡ್ಸ್ ಆಟೊ ಓಡಿಸುತ್ತಾನೆ. ಶೋಭಿತಾ ಸೋಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ, ಹೊಲಿದು ಬಂದ ಅಂಗಿಗಳನ್ನು ಪರೀಕ್ಷಿಸುವ ಮೇಜಿನಲ್ಲಿದ್ದಾಳೆ.

ದಸರಾ ಕಳೆದ ಮೇಲೆ ಒಂದು ಭಾನುವಾರ ಅವಳು ನಮ್ಮ ಮನೆಗೆ ಬಂದಳು. ತಾಯಿಗೆ ಆದದ್ದರಿಂದ ಡಾಕ್ಟರು ಅವಳ ರಕ್ತ ಪರೀಕ್ಷೆ ಮಾಡಿಸಿದ್ದರು. ಸ್ತನದ ಕ್ಯಾನ್ಸರನ್ನು ತಡೆಯುವ ಒಂದು ಜೀನಿನಲ್ಲಿ ಬದಲಾವಣೆ ಇದೆ, ಅದು ಒಳ್ಳೆಯದೋ ಕೆಟ್ಟದ್ದೋ ಇನ್ನೂ ಯಾರಿಗೂ ತಿಳಿದಿಲ್ಲ ಎಂದು ವರದಿ ಬಂದಿತ್ತು. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸು, ಅವಸರ ಬೇಡ ಎಂದು ಡಾಕ್ಟರು ಹೇಳಿದ್ದರಂತೆ. ಇವಳು ಬೇರೆ ಕಡೆ ವಿಚಾರಿಸಿ, ಸಂಕ್ರಾಂತಿ ಕಳೆದ ವಾರಕ್ಕೆ ಎರಡೂ ಸ್ತನ ತೆಗೆಸಿಕೊಳ್ಳಲು ದಿನ ಗೊತ್ತುಮಾಡಿಕೊಂಡು ಬಂದಿದ್ದಳು.

ಶಶಿ ವರದಿಯನ್ನು ಎರಡು ಸಲ ಓದಿದಳು.

‘ಒಂದ್ ಅಂಗಿಲಿ ಒಂದ್ ಒಲಿಗೆ ತಪ್ಪದೆ ಅನ್ಕೊ ಶೋಭಿ. ಕೆಲವು ಕಡೆ ತಪ್ಪಿದ್ರೆ ಎಳದ್ ತಕ್ಸಣ ಪೂರ್ತಿ ಬಿಚ್ಕತದೆ. ಕೆಲವು ಕಡೆ ತಪ್ಪಿದ್ರೆ ಏನೂ ಆಗಲ್ಲ. ನಿಂದು ಯಾವ್ದು ಅಂತ ಗೊತ್ತಿಲ್ಲ, ಅಷ್ಟೇ ಇದ್ರಲ್ಲಿ ಇರೋದು.’

‘ನಮ್ ಫ್ಯಾಕ್ಟ್ರೀಲಿ ಡೌಟ್ ಬಂದ್ರೆ ಬಿಚ್ಕತದೋ ಇಲ್ವೋ ಅಂತ ಕಾಯ್ಕಂಡ್ ಕೂರಲ್ಲ ಶಶಕ್ಕ. ತಗ್ದು ರಿಜೆಕ್ಟ್ ಬುಟ್ಟಿಗಾಕ್ತೀವಿ.’

‘ನೀನ್ ಅಂಗಿ ಅಲ್ಲ ಕಣೆ.’

‘ಗಗನಂಗೆ ಈಗ ಮೂರು ವರ್ಸ’ ಎಂದಳು ಶೋಭಿತಾ. ಅಷ್ಟು ಸಾಕಿತ್ತು. ನಾನು ಕಾಫಿ ಲೋಟವನ್ನು ಅವಳ ಕೈಗೆ ಕೊಟ್ಟೆ. ಅವಳು ಕುಡಿಯದೆ ಹಿಡಿದುಕೊಂಡೇ ಕೂತಳು.

ಶಶಿ ಅವಳಿಗೆ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ‘ಸಂಕ್ರಾಂತಿ ಗಂಟ ಟೈಮದೆ. ನಿಮ್ ಕಡೆ ವಯಸ್ಸಾದ ಎಂಗಸ್ರು ಯಾರ್ಯಾರವ್ರೆ ಏಳು. ಈ ಒಲಿಗೆ ತಪ್ಪಿದ್ರೂ ಬಿಚ್ಕಳ್ದೆ ಇರೋರು ಯಾರಾದ್ರೂ ಅವ್ರಾ ನೋಡಮ’ ಎಂದಳು.

ಮೊದಲು ನೆನಪಾದವರು ಮುದ್ದಮ್ಮ. ಶೋಭಿತಾಳ ಅಜ್ಜಿಯ ಸ್ವಂತ ತಂಗಿ, ನಮ್ಮೂರಿನ ದೊಡ್ಡ ಬೀದಿಯವರು. ಎಂಬತ್ತು ದಾಟಿದ್ದರೂ ಈಗಲೂ ಎಮ್ಮೆಗೆ ತಾವೇ ಹುಲ್ಲು ಹಾಕುತ್ತಾರೆ. ಸಂಜೆ ಶಶಿಯೂ ನಾನೂ ಹೋದಾಗ ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

‘ಅರ್ಧ ಗಂಟೆ ಎಲೆ ಅಡಿಕೆ ಆಕಂಗಿಲ್ಲ ಅಜ್ಜಿ’ ಎಂದು ಶಶಿ ಟ್ಯೂಬು ತೆಗೆದಳು.

‘ಅರ್ಧ ಗಂಟೆನಾ? ಆಪರೇಸನ್ನೇ ಮಾಡ್ಬುಡು, ಅದೇ ವಾಸಿ.’ ಆಮೇಲೆ ಟ್ಯೂಬನ್ನು ತಿರುಗಿಸಿ ನೋಡಿದರು. ‘ಇದ್ರೊಳಿಕ್ಕೆ ಉಗೀಬೇಕಾ? ನನ್ ಎಂಜಲ ನೀನ್ ಮುಟ್ಟೀಯೇನವ್ವ?’

‘ಅದುಕ್ಕೇ ಬಂದಿರೋದು ಅಜ್ಜಿ.’

ಮುದ್ದಮ್ಮ ನನ್ನ ಕಡೆ ನೋಡಿದರು. ಇದೇ ಜಗುಲಿಯ ಕೆಳಗೆ ನನ್ನ ಅತ್ತೆ ಮಂಚಮ್ಮ ಬೊಗಸೆ ಒಡ್ಡಿ ನಿಂತು ನೀರು ಕುಡಿಯುತ್ತಿದ್ದರು, ಮೇಲಿನಿಂದ ಹುಯ್ಯುತ್ತಿದ್ದವರು ಮುದ್ದಮ್ಮನ ಅತ್ತೆ. ಅದು ಅವರಿಗೂ ನೆನಪಿದೆ, ನನಗೂ ಗೊತ್ತಿದೆ. ಅವರು ಟ್ಯೂಬನ್ನು ಸೆರಗಿನಲ್ಲಿ ಒರೆಸಿ, ‘ಮಂಚಿ ಮೊಮ್ಮಗಳು ನನ್ ಎಂಜಲ ತಕ್ಕೊಂಡು ಬೆಂಗಳೂರಿಗೋಯ್ತಾಳೆ’ ಎಂದು ತಮಗೆ ತಾವೇ ಹೇಳಿಕೊಂಡರು. ಬೇಸರದಿಂದಲ್ಲ, ಇದೂ ಒಂದು ಸೋಜಿಗ ಎನ್ನುವಂತೆ. ‘ಆದ್ರೆ ನೀವ್ ಮೊಖ ನೋಡ್ತಾ ಕೂತ್ರೆ ನಂಗೆ ಬರಾಕಿಲ್ಲ. ಆಚೆಗೋಗಿ ಕೂತ್ಕಳಿ.’

ಹಿರಿಯರು, ಮುಖದೆದುರು ಉಗುಳುವುದು ಅವರಿಗೆ ಸಂಕೋಚ. ನಾವು ಎದುರಿನ ಕಟ್ಟೆಯ ಮೇಲೆ ಕೂತೆವು. ಬಹಳ ಹೊತ್ತಿನ ಮೇಲೆ ಸೊಸೆ ಇಂದ್ರಮ್ಮ ಟ್ಯೂಬನ್ನು ತಂದುಕೊಟ್ಟಳು. ಗೆರೆಯವರೆಗೆ ಸರಿಯಾಗಿ ತುಂಬಿತ್ತು. ‘ನೋಡಿ ಟೀಚರಮ್ಮ, ಒಂದ್ ಅನಿ ಎಚ್ಚಿಲ್ಲ, ಒಂದ್ ಅನಿ ಕಮ್ಮಿ ಇಲ್ಲ’ ಎಂದಳು.

ಕಾರ್ತಿಕ ಕಳೆಯುವ ಹೊತ್ತಿಗೆ, ನಾನು ಹಾಲು ಕಾಯಲು ಇಟ್ಟಿದ್ದಾಗ ಶಶಿ ಫೋನು ಮಾಡಿದಳು. ‘ಅವ್ವ, ಮುದ್ದಮ್ಮಜ್ಜಿ ಟ್ಯೂಬಲ್ಲಿ ಅದೆ. ಶೋಭೀದು ಇರೋದೇ, ಅದೇ ಜಾಗ್ದಲ್ಲಿ ಅದೆ!’

‘ಅಂದ್ರೆ ಶೋಭಿಗೆ ಏನೂ ಆಗಲ್ವಾ?’

‘ಒಬ್ರುನ್ನ ನೋಡಿ ಅಂಗನ್ನೋಕಾಗಲ್ಲ. ಒಳ್ಳೆ ಸುದ್ದಿ ಇರ್ಬೋದು, ಅಷ್ಟೇ. ಯಾರಿಗೂ ಏಳ್ಬೇಡ.’

ನಾನು ಹೇಳಲಿಲ್ಲ. ಆ ಭಾನುವಾರ ಶೋಭಿತಾ ಬಂದು, ‘ಏನಾದ್ರೂ ಗೊತ್ತಾಯ್ತಾ ಟೀಚರಮ್ಮ?’ ಎಂದಾಗ, ಇನ್ನೂ ನೋಡ್ತಾ ಅವ್ಳೆ ಎಂದು ಅವರೆಕಾಯಿ ಸುಲಿಯುತ್ತಾ ಕೂತೆ. ಅವಳೂ ಕೂತು ಸುಲಿದಳು. ಫ್ಯಾಕ್ಟರಿಯ ಅಭ್ಯಾಸ, ಪ್ರತಿ ಕಾಳನ್ನೂ ಬೆರಳಲ್ಲಿ ತಿರುಗಿಸಿ ನೋಡಿ ಬಟ್ಟಲಿಗೆ ಹಾಕುತ್ತಿದ್ದಳು. ಹುಳುಕಲಿಲ್ಲದಿದ್ದರೂ ಒಂದಷ್ಟನ್ನು ಪಕ್ಕಕ್ಕಿಟ್ಟಳು.

ಮುಂದಿನ ಫೋನು ಬೇರೆ ದನಿಯಲ್ಲಿ ಬಂತು.

‘ಅವ್ವ, ಆ ಟ್ಯೂಬಲ್ಲಿ ಇಬ್ರವ್ರೆ.’

‘ಇಬ್ರು ಅಂದ್ರೆ?’

‘ಇಬ್ರು ಮನುಸ್ರ ಜೀನು ಬೆರ್ತೋಗದೆ. ಇಬ್ರೂ ಎಂಗಸ್ರೇ. ಇಬ್ರೂ ಒಂದೇ ವಂಸದೋರಂಗೆ ಕಾಣ್ತಾರೆ. ಆ ಬದಲಾವಣೆ ಯಾರ್ದು ಅಂತ್ಲೇ ಗೊತ್ತಾಯ್ತಿಲ್ಲ.’

ಇದೆಂಥ ವಿಚಿತ್ರ? ಒಂದು ಟ್ಯೂಬು, ಒಬ್ಬ ಮುದುಕಿ, ಒಳಗೆ ಇಬ್ಬರು. ಲ್ಯಾಬಿನಲ್ಲೇ ಬೆರೆತಿರಬಹುದೇ ಎಂದು ಅವಳು ಎಲ್ಲವನ್ನೂ ಮೊದಲಿನಿಂದ ಮಾಡಿ ನೋಡಿದ್ದಳಂತೆ. ಆಗಲೂ ಇಬ್ಬರೇ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಾಡಿದ್ದ ಬಸ್ಸಾರನ್ನು ಒಂದು ಡಬ್ಬಿಗೆ ಹಾಕಿಕೊಂಡು ದೊಡ್ಡ ಬೀದಿಗೆ ಹೋದೆ.

ಇಂದ್ರಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅದೂ ಇದೂ ಮಾತಾಡಿ ಕೇಳಿದೆ. ‘ಅವತ್ತು ಅಜ್ಜಿ ಉಗುಳಿದ್ರಲ್ಲ, ಕಷ್ಟ ಆಯ್ತಾ ಅವ್ರಿಗೆ?’

‘ಕಷ್ಟನಾ! ಅವ್ರ್ ಬಾಯಲ್ಲಿ ಎಲ್ಲದೆ ನೀರು? ಉಫ್ ಉಫ್ ಅಂತ ಗಾಳಿ ಊದುದ್ರು. ತಳಕ್ಕೊಂದಿಷ್ಟು ಬಿತ್ತು, ಅಷ್ಟೇಯ. ನೀವ್ ನೋಡಿದ್ರೆ ಕತ್ಲಾಗೋ ಒತ್ತಲ್ಲಿ ಕಟ್ಟೆ ಮ್ಯಾಲೆ ಕಾಯ್ತಾ ಕೂತಿದ್ರಿ. ಶಶಿ ಗೆರೆ ಗಂಟ ಬೇಕು ಅಂದಿದ್ಲು.’ ಅವಳು ಬೂದಿ ಹತ್ತಿದ ಕೈಯನ್ನು ಎದೆಯ ಕಡೆ ತೋರಿಸಿಕೊಂಡು ಹೆಮ್ಮೆಯಿಂದ ಹೇಳಿದಳು. ‘ಮಿಕ್ಕಿದ್ದ ನಾನೇ ತುಂಬ್ಸುದೆ. ಬಾಯಿ ಮುಕ್ಕಳಿಸ್ಕಂಡು, ಸುದ್ದವಾಗೇ ಉಗ್ದೆ ಕಣ್ ಟೀಚರಮ್ಮ.’

ನಾನು ನಗು ತಡೆಯಲಾರದೆ ಕಲ್ಲಿನ ಮೇಲೆ ಕೂತುಬಿಟ್ಟೆ. ಇಂದ್ರಮ್ಮ ಬರಿಯ ಸೊಸೆಯಲ್ಲ. ಮುದ್ದಮ್ಮ ತಮ್ಮ ಅಣ್ಣನ ಮಗಳನ್ನೇ ಮಗನಿಗೆ ತಂದುಕೊಂಡಿದ್ದರು. ಒಂದೇ ವಂಶ ಎಂದು ಶಶಿ ಹೇಳಿದ್ದು ಸರಿಯೇ. ಮನೆಯ ಹೆಣ್ಣು, ಅತ್ತೆಯ ಅರ್ಧ ಕೆಲಸವನ್ನು ಕೇಳದೆಯೇ ಮಾಡಿ ಮುಗಿಸುವವಳು, ಇದನ್ನೂ ಮುಗಿಸಿದ್ದಳು.

‘ಯಾಕ್ ನಗ್ತೀರಿ? ತಪ್ಪಾಯ್ತಾ?’ ಎಂದು ಅವಳು ಗಾಬರಿಯಾದಳು.

‘ತಪ್ಪಲ್ಲ ಕಣವ್ವ. ಶಶಿಗೆ ಏಳ್ತೀನಿ.’

ಶಶಿ ನಗಲಿಲ್ಲ. ‘ಇನ್ನೆಷ್ಟು ಮನೇಲಿ ಸೊಸೇರು ಇಂಗೇ ತುಂಬ್ಸಿರ್ಬೋದು ಅವ್ವ?’ ಎಂದಳು. ಹೌದಲ್ಲ ಎಂದು ನನ್ನ ನಗುವೂ ನಿಂತಿತು. ಅವಳು ಮೂರು ತಾಲೂಕಿನ ಟ್ಯೂಬುಗಳನ್ನೂ ಮತ್ತೆ ತೆಗೆದು ಪರೀಕ್ಷೆ ಮಾಡಿದಳು. ಇನ್ನೂ ಕೆಲವು ಹಾಗೇ ಇದ್ದವು. ಒಂದರಲ್ಲಿ ಅಜ್ಜಿಯ ಜೊತೆ ಗಂಡಸಿನ ಎಂಜಲಿತ್ತು, ಪಾಪ, ಮೊಮ್ಮಗ ಕೈ ಜೋಡಿಸಿರಬೇಕು. ಅವನ್ನೆಲ್ಲ ತೆಗೆದುಹಾಕಿ, ಹೀಗಾಗಿದೆ ಎಂದು ಸಂಸ್ಥೆಯವರಿಗೂ ಜೊತೆ ಕೆಲಸ ಮಾಡುವವರಿಗೂ ತಾನೇ ಬರೆದು ತಿಳಿಸಿದಳು. ನನ್ನ ಗಂಡ ಕೆಂಪರಾಜು, ‘ಏಳ್ದೆ ಇದ್ದಿದ್ರೆ ಯಾರಿಗ್ ಗೊತ್ತಾಗದು?’ ಎಂದಾಗ, ‘ಶೋಭಿ ಆಪರೇಸನ್ ಬುಟ್ಬುಟ್ಟು, ಆಮೇಲೆ ಏನಾದ್ರೂ ಆದ್ರೆ?’ ಎಂದು ಅಪ್ಪನನ್ನೇ ಕೇಳಿದಳು.

ಮುದ್ದಮ್ಮ, ಇಂದ್ರಮ್ಮ ಇಬ್ಬರಿಗೂ ವಿಷಯ ವಿವರಿಸಿ, ಅವರು ಒಪ್ಪಿದ ಮೇಲೆ ಶಶಿ ಈ ಸಲ ರಕ್ತವನ್ನೇ ತೆಗೆಸಿದಳು. ಸೂಜಿ ಎಂದರೆ ಬೈಯುತ್ತಿದ್ದ ಮುದ್ದಮ್ಮ, ‘ಶೋಭಿಗಾಗಿ ತಾನೆ, ಚುಚ್ಚು’ ಎಂದು ಕಣ್ಣು ಮುಚ್ಚಿಕೊಂಡು ಕೈ ಚಾಚಿದರು.

ಬದಲಾವಣೆ ಮುದ್ದಮ್ಮನಲ್ಲಿ ಇರಲಿಲ್ಲ. ಇಂದ್ರಮ್ಮನಲ್ಲಿತ್ತು.

ಎಂಬತ್ತು ದಾಟಿ ಗಟ್ಟಿಯಾಗಿರುವವರಲ್ಲಿ ಇದ್ದಿದ್ದರೆ ಧೈರ್ಯ ಹೇಳಬಹುದಿತ್ತು. ಇಂದ್ರಮ್ಮನಿಗಿನ್ನೂ ಐವತ್ತು. ಶಶಿಯೂ ಒಬ್ಬ ಡಾಕ್ಟರೂ ಕೂತು ಅವಳಿಗೆ ನಿಧಾನವಾಗಿ ಹೇಳಿದರು. ಅವಳು ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ತಿರುಗಿ, ‘ಸುಮ್ಕೆ ಇರ್ದೆ ಉಗ್ಯಾಕೋಗಿ ಇದೊಂದು ತಗಲಾಕ್ಕಂಡೆ ನೋಡಿ ಟೀಚರಮ್ಮ’ ಎಂದಳು. ತಮಾಷೆಯಂತೆ ಹೇಳಿದರೂ ಅವಳ ಬೆರಳು ಸೆರಗನ್ನು ಸುರುಳಿ ಸುತ್ತುತ್ತಿತ್ತು. ಶೋಭಿತಾಳಿಗೂ ತಿಳಿಸಿದೆವು. ಅವಳು ಹೂಂ ಎಂದಳು, ಅಷ್ಟೇ. ಆಸ್ಪತ್ರೆಗೆ ಬೇಕಾಗುವ ನೈಟಿಗಳನ್ನು ಮುಂದೆ ಗುಂಡಿ ಇರುವಂತೆ ತಾನೇ ಹೊಲಿದುಕೊಳ್ಳುತ್ತಿದ್ದಾಳೆ ಎಂದು ಚಲುವರಾಜು ಬಂದು ಹೇಳಿದ.

ಶಶಿಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು. ‘ಇಂದ್ರಕ್ಕಂಗೆ ಇದು ಎಲ್ಲಿಂದ ಬಂತು? ಅಪ್ಪನ ಕಡೆಯಿಂದ್ಲಾ, ಅವ್ವನ ಕಡೆಯಿಂದ್ಲಾ?’ ಇಂದ್ರಮ್ಮನ ಅಪ್ಪ ಎಂದೋ ತೀರಿಹೋಗಿದ್ದರು. ತಾಯಿ ಪುಟ್ಟಮಾದಮ್ಮ ಮಳವಳ್ಳಿಯಲ್ಲಿ ಮಗನ ಮನೆಯಲ್ಲಿದ್ದರು. ‘ಬದ್ಕವ್ರಲ್ಲ, ನಡೀರಿ ಕೇಳಮ’ ಎಂದು ಇಂದ್ರಮ್ಮನೇ ಹೊರಟು ನಿಂತಳು.

ಪುಟ್ಟಮಾದಮ್ಮ ಮುದ್ದಮ್ಮನ ವಾರಿಗೆಯವರು, ಅಷ್ಟೇ ಗಟ್ಟಿ. ನಾವು ಹೋದಾಗ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ‘ರಕ್ತ ತಾನೆ, ತಕ್ಕೊ. ನೀನೇನ್ ಎಣ್ಣು ಕೊಡಿ ಅಂತ ಕೇಳ್ತಿದ್ದೀಯಾ, ಯೋಚ್ನೆ ಮಾಡಾಕೆ?’ ಎಂದು ನಕ್ಕರು. ಈ ಸಲ ಶಶಿ ಕಟ್ಟೆಯ ಮೇಲೆ ಹೋಗಿ ಕೂರಲಿಲ್ಲ. ನರ್ಸು ರಕ್ತ ತೆಗೆಯುವಾಗ ಅಜ್ಜಿಯ ಇನ್ನೊಂದು ಕೈಯನ್ನು ಹಿಡಿದುಕೊಂಡು ಎದುರಿಗೇ ಕೂತಿದ್ದಳು. ಹೊರಡುವಾಗ ಕೇಳಿದಳು. ‘ಅಜ್ಜಿ, ನಿಮ್ಮಪ್ಪ ಅವ್ವ ಸಂಬಂಧದೋರಾ?’

‘ಇನ್ನೇನು ಬೀದಿಲಿ ಓಗೋರ್ನ ಕಟ್ಕಂಡಿದ್ರಾ? ನಮ್ಮಪ್ಪ ನಮ್ಮವ್ವಂಗೆ ಸ್ವಂತ ಸೋದರಮಾವ ಕಣೆ. ಅಕ್ಕನ್ ಮಗಳ್ನೇ ತಂದಿದ್ದು.’

ಬಸ್ಸಿನಲ್ಲಿ ಶಶಿ ಟಿಕೆಟ್ಟಿನ ಹಿಂದೆ ಆ ಅಜ್ಜಿಯ ಅಪ್ಪ ಅವ್ವನಿಗೆ ಗೆರೆ ಎಳೆದು ಜೋಡಿಸುತ್ತಾ ಕೂತಳು. ಚಿಕ್ಕಂದಿನಲ್ಲಿ ಇರುವೆ ಸಾಲಿನ ಮುಂದೆ ಕೂತು ಊಟ ಮರೆಯುತ್ತಿದ್ದಾಗಿನ ಮುಖವೇ ಇತ್ತು.

ಧನುರ್ಮಾಸದಲ್ಲಿ ಫಲಿತಾಂಶ ಬಂತು. ಸುಳ್ಳು ಆಸೆ ಬೇಡವೆಂದು ಬೇರೊಂದು ಲ್ಯಾಬಿನಲ್ಲೂ ಮಾಡಿಸಿ, ಎರಡೂ ಒಂದೇ ಎಂದಾದ ಮೇಲೆ ಮನೆಗೆ ಬಂದು ಹೇಳಿದಳು. ಶೋಭಿತಾಳನ್ನೂ ಇಂದ್ರಮ್ಮನನ್ನೂ ಕರೆಸಿದ್ದೆವು.

‘ಪ್ರತಿ ಜೀನೂ ನಮ್ಮಲ್ಲಿ ಎರಡೆರಡು ಇರ್ತವೆ. ಅಪ್ಪಂದೊಂದು, ಅವ್ವಂದೊಂದು. ನಿನ್ನಲ್ಲಿ ಒಂದ್ರಲ್ಲಿ ಒಲಿಗೆ ತಪ್ಪದೆ, ಇನ್ನೊಂದು ಸರಿಯಾಗದೆ. ಇಂದ್ರಕ್ಕಂದೂ ಅಂಗೇಯ’ ಎಂದು ಶಶಿ ಶೋಭಿತಾಳ ಮೊಣಕಾಲಿನ ಮೇಲೆ ಕೈಯಿಟ್ಟಳು. ‘ಪುಟ್ಟಮಾದಮ್ಮಜ್ಜಿ ಅಪ್ಪ ಅವ್ವ ಒಂದೇ ವಂಸದೋರಲ್ವಾ, ಆ ಅಜ್ಜೀಲಿ ಎರಡ್ರಲ್ಲೂ ತಪ್ಪದೆ.’

‘ಅಯ್ಯೋ!’ ಎಂದಳು ಇಂದ್ರಮ್ಮ.

‘ಅಯ್ಯೋ ಅಲ್ಲ ಕಣಕ್ಕ. ಕೇಳು. ಈ ಜೀನು ನಿಜ್ವಾಗ್ಲೂ ಕೆಟ್ಟೋಗಿದ್ರೆ, ಎರಡೂ ಕೆಟ್ಟಿರೋ ಮಗು ಉಟ್ಟೋದೇ ಕಷ್ಟ. ಉಟ್ಟಿದ್ರೂ ಚಿಕ್ಕೋರಾಗಿದ್ದಾಗ್ಲೇ ರಕ್ತದ ಕಾಯ್ಲೆ ಬತ್ತದೆ. ಆ ಅಜ್ಜಿ ಎಂಟು ಮಕ್ಳ ಎತ್ತು, ಇವತ್ತೂ ಉಳ್ಳಿಕಾಳು ಕೇರ್ತಾವ್ರೆ.’

ಶೋಭಿತಾ ನಿಧಾನವಾಗಿ ಹೇಳಿದಳು. ‘ಎರಡೂ ಕಡೆ ಒಲಿಗೆ ತಪ್ಪಿರೋ ಅಂಗಿನ ಎಂಬತ್ತು ವರ್ಸ ಆಕ್ಕಂಡವ್ರೆ.’

‘ಊಂ.’

‘ಬಿಚ್ಕಂಡಿಲ್ಲ.’

‘ಬಿಚ್ಕಂಡಿಲ್ಲ. ಬೇರೆ ಊರಿನ ಅಜ್ಜೀರಲ್ಲೂ ಅಲ್ಲೊಂದು ಇಲ್ಲೊಂದು ಸಿಕ್ಕದೆ, ಈ ಸೀಮೇಲಿ ಸುಮ್ನೆ ಇರೋದೇ ಇದು. ನಿಮ್ ಡಾಕ್ಟ್ರಿಗೆ ಎಲ್ಲಾ ಕಳ್ಸಿದ್ದೀನಿ. ಈ ಬದಲಾವಣೆಗಾಗಿ ಆಪರೇಸನ್ ಬೇಕಿಲ್ಲ ಅಂತ ಅವ್ರೂ ಏಳವ್ರೆ. ಆದ್ರೆ ವರ್ಸಕ್ಕೊಂದ್ಸಲ ಸ್ಕ್ಯಾನು ತಪ್ಸಂಗಿಲ್ಲ.’

ಶೋಭಿತಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ‘ನಾನು ಆ ಅಜ್ಜಿನ ನೋಡ್ಬೇಕು’ ಎಂದಳು.

ಹೊಸ ವರ್ಷದ ಮೊದಲ ಭಾನುವಾರ ಶಶಿ, ಶೋಭಿತಾ, ನಾನು ಮಳವಳ್ಳಿಗೆ ಹೋದೆವು. ಪುಟ್ಟಮಾದಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಶೋಭಿತಾ ಎದುರಿಗೆ ಕೂತು ಅವರ ಕೈ, ಕತ್ತು, ಬೆನ್ನು, ಸೊಂಟ, ಎಲ್ಲವನ್ನೂ ತನ್ನ ಮೇಜಿನ ಮೇಲೆ ಬಂದ ಬಟ್ಟೆಯನ್ನು ನೋಡುವಂತೆ ನೋಡಿದಳು. ‘ಏನೇ ಅಂಗ್ ನೋಡ್ತೀಯ, ಎಣ್ಣು ನೋಡಾಕ್ ಬಂದೋಳಂಗೆ?’ ಎಂದು ಅಜ್ಜಿ ಗದರಿದರು. ‘ಒಪ್ಗೆ ಆಯ್ತು ಕಣಜ್ಜಿ’ ಎಂದು ಶೋಭಿತಾ ಅವರ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಆಗ ಅತ್ತಳು. ಅಜ್ಜಿಗೆ ಏನೂ ಅರ್ಥವಾಗದೆ, ಮೊಮ್ಮಗಳಿಗೆ ನೀವುವಂತೆ ಅವಳ ತಲೆ ನೀವಿದರು.

ವಾಪಸು ಬರುವಾಗ ಮದ್ದೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೂವರೂ ವಡೆ ತಿನ್ನುತ್ತಾ ಕೂತೆವು. ಶೋಭಿತಾ ಅರ್ಧ ತಿಂದು ನಿಲ್ಲಿಸಿದಳು.

‘ಶಶಕ್ಕ, ಇದಲ್ಲ ಅಂದ್ರೆ ನಮ್ಮವ್ವಂಗೆ ಯಾಕ್ ಬಂತು?’

ಶಶಿ ತನ್ನ ವಡೆಯನ್ನು ಕೆಳಗಿಟ್ಟಳು. ‘ಗೊತ್ತಿಲ್ಲ ಶೋಭಿ.’

‘ಉಡ್ಕಾಕಾಗತ್ತಾ?’

‘ನಿಮ್ಮವ್ವನ ಜೊತೆ ಉಟ್ಟಿದೋರು ಯಾರ್ಯಾರವ್ರೆ?’

ಶೋಭಿತಾ ಕೈಯ ಎಣ್ಣೆಯನ್ನು ಕಾಗದಕ್ಕೆ ಒರೆಸಿಕೊಂಡು ಬೆರಳು ಮಡಿಚತೊಡಗಿದಳು. ದೊಡ್ಡಮ್ಮ ಒಬ್ಬಳು ಯಲಿಯೂರಿನಲ್ಲಿ, ಒಬ್ಬ ಮಾವ ಮಂಡ್ಯದಲ್ಲಿ. ಇನ್ನೊಬ್ಬ ಚಿಕ್ಕಮ್ಮ ಚಿಕ್ಕ ವಯಸ್ಸಿಗೇ ಹೋದಳು, ಅದೇನಾಗಿತ್ತೋ ಯಾರೂ ಹೇಳಲಿಲ್ಲ. ‘ಅದೇನಾಗಿತ್ತು?’ ಎಂದು ಶಶಿ ಮುಂದಕ್ಕೆ ಬಾಗಿದಳು. ನಾನೂ ಬಾಗಿದೆ. ಕೊಪ್ಪದ ಬಸ್ಸು ಬಂತು, ಕಂಡಕ್ಟರು ಊರಿನ ಹೆಸರು ಕೂಗಿ ಕೂಗಿ ಸೀಟಿ ಊದಿದ, ಬಸ್ಸು ಹೊರಟುಹೋಯಿತು. ನಮ್ಮಲ್ಲಿ ಯಾರೂ ಏಳಲಿಲ್ಲ.